ಕೊಸರು

ನಿನ್ನೆ ಐದು ಗೋಲು.
ನಮ್ಮದೇ ಮೈದಾನ, ನಮ್ಮದೇ ಬಲೆ.
ಉರುಗ್ವೆ ಹೊಳೆಯ ಮೇಲಿಂದ ಮಂಜೇನೋ ಎದ್ದು ಬಂತು,
ಮುಚ್ಚಬೇಕಾದ್ದನ್ನು ಮಾತ್ರ ಮುಚ್ಚಲಿಲ್ಲ.

ಮೂರರವರೆಗೆ ಬೈದೆವು.
ನಾಲ್ಕಕ್ಕೆ ನಗು ಬಂತು.
ಐದಕ್ಕೆ ಓಸ್ವಾಲ್ದೊ ಎದ್ದು
ಫ್ಲಾಸ್ಕಿನ ತಳದ ಬಿಸಿನೀರನ್ನು
ಎಲ್ಲರ ಮಾಟೆ ಬುರುಡೆಗೂ ಒಂದೊಂದು ಗುಟುಕು ಹೊಯ್ದ,
ಸೂತಕದ ಮನೆಗೆ ಬಂದವರನ್ನು ವಿಚಾರಿಸಿಕೊಳ್ಳುವವನಂತೆ.
ಕಹಿ ಸೊಪ್ಪು. ಯಾರೂ ಮುಖ ಸಿಂಡರಿಸಲಿಲ್ಲ.

ಆ ಸಿಮೆಂಟು ಮೆಟ್ಟಿಲಿಗೂ ನನಗೂ ಮೂವತ್ತೊಂದು ವರ್ಷ.
ಅಪ್ಪ ಕೂತು ಕೂತು ಒಂದು ಕಡೆ ತಗ್ಗು,
ಮಳೆ ಬಂದರೆ ಅಲ್ಲಷ್ಟೇ ನೀರು ನಿಲ್ಲುತ್ತದೆ.
ಒರೆಸಿ ಕೂರಲು ಮನಸ್ಸಾಗದೆ
ಪಕ್ಕಕ್ಕೆ ಸರಿದು ಕೂರುತ್ತೇನೆ.

ಅಲ್ಲಿಂದಲೇ ನೋಡಿದ್ದು ವಿಲ್ಮಾರನ ತಲೆಯನ್ನು.
ಉಣ್ಣೆ ಗಿರಣಿಗೆ ಬೀಗ ಬಿದ್ದ ವರ್ಷ,
ಎಂಬತ್ತೊಂಬತ್ತನೆಯ ನಿಮಿಷ, ಮೂಲೆಯಿಂದ ಬಂದ ಚೆಂಡಿಗೆ
ಎಲ್ಲರಿಗಿಂತ ಒಂದು ಗೇಣು ಮೇಲೆದ್ದಿದ್ದ.
ಕೆಲಸ ಹೋದ ನಾನೂರು ಗಂಡಸರು ಒಟ್ಟಿಗೆ ಅತ್ತರು,
ಮುಕ್ಕಾಲು ಜನ ಅಪ್ಪನಿಗೆ ಬ್ರೆಡ್ಡಿನ ಬಾಕಿ.
ಅಪ್ಪ ನನ್ನನ್ನು ಎತ್ತಿ ಹಿಡಿದವನು
ಇಳಿಸುವುದನ್ನೇ ಮರೆತಿದ್ದ.
ನನಗೆ ಹನ್ನೊಂದು; ಎತ್ತುವ ವಯಸ್ಸಲ್ಲ.

ಅದೇ ತಲೆ ಈಗ ಬೋಳು,
ಗೆರೆಯಾಚೆ ನಿಂತು ಸುಮ್ಮನೆ ಅಲ್ಲಾಡುತ್ತದೆ.
ಎಡಗಡೆ ಹಿಂದೆ ಹತ್ತೊಂಬತ್ತರ ಹುಡುಗನನ್ನು ನಿಲ್ಲಿಸಿ
ಆರು ವಾರದಿಂದ ಬಿಸಿಲಿಗಿಟ್ಟ ಬೆಣ್ಣೆಯಂತೆ ಕರಗಿಸುತ್ತಿದ್ದಾನೆ.
ಎದುರಾಳಿ ಆ ದಾರಿಯಲ್ಲಿ
ದನ ಮೇಯಿಸಿಕೊಂಡು ಬಂದರೂ ಕೇಳುವವರಿಲ್ಲ.
'ಹುಡುಗ ಕಲಿಯುತ್ತಾನೆ' ಎನ್ನುತ್ತಾನೆ ರೇಡಿಯೊದಲ್ಲಿ.
ಕಲಿಯಲಿ ಮಾರಾಯ,
ನಮ್ಮ ಮರ್ಯಾದೆಯೇ ಬೇಕೆ ಪಾಟಿಗೆ?

'ತೊಲಗು ವಿಲ್ಮಾರ್' ಎಂದು ಬರೆದ ದುಪ್ಪಟಿ ನನ್ನದು.
ಬೇಕರಿಯ ಬಾಗಿಲಿಗೆ ಬಳಿದು ಉಳಿದಿದ್ದ ಕೆಂಪು.
ಅಕ್ಷರ ಓಸ್ವಾಲ್ದೊನದು, ಅದರಲ್ಲೊಂದು ತಪ್ಪು,
ತಿದ್ದಲು ಜಾಗ ಇರಲಿಲ್ಲ.

ಇವತ್ತು ಸೋಮವಾರ.
ಆರೂ ಹತ್ತಕ್ಕೆ, ಎಂದಿನಂತೆ,
ಗಂಟೆ ಕಿಣಿಗುಟ್ಟಿ ಬಾಗಿಲು ತೆರೆಯಿತು.
ಸಾಲಿನಲ್ಲಿ ಏಳು ಜನ. ಏಳೂ ಗಂಟಲು ಕಟ್ಟಿದ್ದು
ಯಾರ ಹೆಸರು ಕೂಗಿ ಎಂದು ಅವನಿಗೆ ಗೊತ್ತು.
ಎಲುಬಿಲ್ಲದ ನಾಲಿಗೆಗಳಿಗೆ
ಬೆಳಗಾಗುವಷ್ಟರಲ್ಲಿ ಎಲುಬು ಬೆಳೆದಿತ್ತು;
ಒಂದೂ ಹೊರಳಲಿಲ್ಲ.

'ಒಂದು ಡಜನ್' ಎಂದ. 'ಅರ್ಧ ಸಿಹಿ, ಅರ್ಧ ಉಪ್ಪು.'
ನನ್ನ ಉಗುರಿನ ಸಂದಿಯ ಕೆಂಪನ್ನು ನೋಡಿದ.
ಬಾಗಿಲನ್ನೂ ನೋಡಿದ.

ಡಜನ್ನಿಗೆ ಒಂದು ಕೊಸರು ನಮ್ಮ ಅಂಗಡಿಯ ಪದ್ಧತಿ,
ಅಪ್ಪನ ಕಾಲದ್ದು. ಸಾಲಗಾರನಿಗೂ ಉಂಟು,
ಪೊಲೀಸಿನವನಿಗೂ ಉಂಟು.
ಹನ್ನೆರಡು ಹಾಕಿ ಇಕ್ಕಳ ನಿಂತಿತು.
ಅವನು ಕಾಯಲಿಲ್ಲ; ಕಾಯದಿರುವುದನ್ನು
ಬಹಳ ಕಷ್ಟಪಟ್ಟು ಮಾಡುತ್ತಿದ್ದ.

ತಟ್ಟೆಯ ಮೂಲೆಯಲ್ಲಿ ಸೀದದ್ದನ್ನೇ ಹುಡುಕಿ ಹಾಕಿದೆ.

ಅವನು ಅದನ್ನೇ ಮೊದಲು ತೆಗೆದ. ತಿರುಗಿಸಿ ನೋಡಿದ.
'ಎಡಗಡೆ ಸೀದಿದೆ' ಎಂದ.
'ಆರು ವಾರದಿಂದ ಅದನ್ನೇ ಹೇಳುತ್ತಿದ್ದೇವೆ' ಎಂದೆ.

ಯಾರೋ ಕೆಮ್ಮಿದರು, ನಗುವಿಗೆ ಹೊದಿಸಿದ ಕೆಮ್ಮು.
ವಿಲ್ಮಾರ್ ನಗಲಿಲ್ಲ. ಸೀದ ಕಡೆಯಿಂದಲೇ ಕಚ್ಚಿದ,
ನಿಂತಲ್ಲೇ ಪೂರಾ ತಿಂದ, ಪುಡಿ ಕೊಡವಿಕೊಂಡ.
'ಹುಡುಗ ರಾತ್ರಿ ಮನೆಗೆ ಹೋಗಲಿಲ್ಲ,
ನಮ್ಮಲ್ಲೇ ಮಲಗಿದ್ದಾನೆ. ಸಿಹಿ ಅವನಿಗೆ' ಎಂದು
ಚಿಲ್ಲರೆ ಎಣಿಸಿಟ್ಟು ಹೋದ.

ಕ್ಷಮಿಸಿದೆನೆ? ಇಲ್ಲಪ್ಪ. ಐದು ಅಂದರೆ ಐದೇ.
ದುಪ್ಪಟಿ ಎರಡು ಸಲ ಒಗೆದೆ, ಬಣ್ಣ ಬಿಡಲಿಲ್ಲ.
ಇರುವುದೇ ಎರಡು ದುಪ್ಪಟಿ, ಇನ್ನೊಂದು ಹರಿದಿದೆ.
ರಾತ್ರಿ ಹಾಸುವಾಗ
'ತೊಲಗು' ಕಾಲ ಕಡೆ ಬರುವಂತೆ ತಿರುಗಿಸಿದೆ.
ಹೆಸರು ದಿಂಬಿನಡಿಗೆ ಹೋಯಿತು.
ಭಾನುವಾರ ಮತ್ತೆ ಬೇಕಾಗಬಹುದು.