ತೊಗಟೆಯ ಪೀಪಿ

ಕೋವಿಗಳನ್ನು ಒಪ್ಪಿಸಿದ ದಿನ
ಅಜ್ಜ ಆ ಚಳಿಯಲ್ಲೂ ಕ್ಷೌರ ಮಾಡಿಸಿಕೊಂಡಿದ್ದ.
ಕಚೇರಿಯ ಮೇಜಿನ ಮೇಲೆ ಊರ ಕೋವಿಗಳೆಲ್ಲ
ಎಣ್ಣೆ ಸವರಿಸಿಕೊಂಡು ಮಲಗಿದ್ದವು
ಮದುವೆಗೆ ಹೊರಟವರ ಹಾಗೆ.
ಗುಮಾಸ್ತ ನಂಬರು ಓದಿದ, ಹೆಸರು ಕೂಗಿದ:
‘ಮೆಂಗ್ ತೋಲ್ಗಾನ್!’
ಅಜ್ಜ ಹೆಬ್ಬೆಟ್ಟು ಒತ್ತಿ ಹೊರಗೆ ಬಂದು
ಮಸಿಯನ್ನು ಕುದುರೆಯ ಕತ್ತಿಗೆ ಒರೆಸಿದ.
ಆಗ ಒಂದೇ ಕುದುರೆ ಉಳಿದಿತ್ತು.

ಎದೆಯ ಜೇಬಿನ ಪೀಪಿಯನ್ನು
ಯಾರೂ ಕೇಳಲಿಲ್ಲ.

ಭೂರ್ಜದ ತೊಗಟೆ, ಎರಡು ಬೆರಳಗಲ.
ಮಡಚಿ, ತುಟಿಯಲ್ಲಿ ಕಚ್ಚಿ ಊದಿದರೆ
ತಾಯಿ ತಪ್ಪಿದ ಜಿಂಕೆಮರಿಯ ದನಿ.
ಎಲ್ಲಿದ್ದರೂ ಓಡಿ ಬರುತ್ತಾಳೆ ತಾಯಿ
ನೇರ ಕೋವಿಯ ಬಾಯಿಗೆ.
‘ಇದು ಮೋಸ ಅಲ್ಲವಾ?’ ಅಂದಿದ್ದೆ ಒಮ್ಮೆ.
ಬೆಂಕಿಗೆ ಒಂದು ತೊಟ್ಟು ಹೆಂಡ ಚಿಮುಕಿಸಿ
‘ಮೋಸವೇ’ ಅಂದ,
‘ಅದಕ್ಕೇ ನಾವು ತಲೆ ತಗ್ಗಿಸಿ ತಿನ್ನುವುದು.’

ಅವನು ಹುಟ್ಟಿದ್ದು ತೊಗಟೆ ಹೊದಿಸಿದ ಗುಡಾರದಲ್ಲಿ,
ಹೊಗೆಕಿಂಡಿಯಲ್ಲಿ ನಕ್ಷತ್ರ ಕಾಣುವಲ್ಲಿ.
ಸರ್ಕಾರ ಇಟ್ಟಿಗೆ ಮನೆ ಕೊಟ್ಟಾಗ
ಅವನಪ್ಪ ಅದರೊಳಗೆ ಜೀನು, ಚೀಲ ಇಟ್ಟು
ಹಿತ್ತಿಲ ಗುಡಾರದಲ್ಲೇ ಮಲಗಿದನಂತೆ, ಮೂರು ಚಳಿಗಾಲ.
ಕೊನೆಗಾಲಕ್ಕೆ ಅಜ್ಜನಿಗೆ ಸಿಕ್ಕಿದ್ದು ನಾಲ್ಕನೆಯ ಮಹಡಿ.
ಮೊದಲ ತುತ್ತು ಬೆಂಕಿಗೆ ಕೊಡದೆ ಉಣ್ಣುವವನಲ್ಲ;
ಗ್ಯಾಸ್ ಒಲೆಯ ನೀಲಿ ನಾಲಗೆಗೆ ಕೊಬ್ಬು ಹಾಕಿ
ಬರ್ನರು ಕಟ್ಟಿಕೊಂಡು
ಅಮ್ಮನಿಂದ ಬೈಸಿಕೊಂಡ.

ಕೋವಿ ಹೋದ ವರ್ಷದ ಬೇಸಿಗೆ. ನನಗೆ ಒಂಬತ್ತು.
ಕತ್ತಲಲ್ಲೇ ಎಬ್ಬಿಸಿ ಹೊಳೆ ದಾಟಿಸಿದ.
ಬೈನಾಚಾನ ಮುಖ ಕೆತ್ತಿದ ಮರಕ್ಕೆ
ಇಬ್ಬರೂ ಬಾಗಿದೆವು; ದೇವರ ಮೂಗು ಅಂಟಿನಲ್ಲಿ ಮುಚ್ಚಿತ್ತು.
ಸೊಳ್ಳೆಗಳ ನಡುವೆ ಕೂತು ಅಜ್ಜ ಊದಿದ.

ಬಂದಳು.
ಹತ್ತು ಮಾರು ದೂರ, ಕಿವಿ ನಿಮಿರಿಸಿ.
ಅಜ್ಜನ ಎರಡೂ ಕೈ ತಾವಾಗಿಯೇ ಮೇಲೆದ್ದವು.
ಏನೂ ಇರಲಿಲ್ಲ ಅವುಗಳಲ್ಲಿ.
ಮೂವರೂ ಬೆಪ್ಪಾಗಿ ನೋಡಿದೆವು
ಒಬ್ಬರನ್ನೊಬ್ಬರು, ಬಹಳ ಹೊತ್ತು.
‘ಹೋಗವ್ವಾ’ ಅಂದ ಕೊನೆಗೆ,
ನನಗೋ, ಅವಳಿಗೋ.

ಅವನ ಮಾತಿನಲ್ಲಿ ನನಗೆ ಬರುವುದು
ಹತ್ತರವರೆಗೆ ಎಣಿಕೆ, ಎರಡು ಬೈಗುಳ,
ಕರಡಿಯ ಹೆಸರು ಹಿಡಿಯದೆ ಕರೆಯುವ ಬಗೆ.
ಕನಸು ಬೀಳುವುದು ಚೀನಿಯಲ್ಲಿ.
ಆದರೆ ಜಿಂಕೆಮರಿ ಹೇಗೆ ಅಳುತ್ತದೆಂದು
ಚಾಚೂ ತಪ್ಪದೆ ಗೊತ್ತು.

ಕೆಲವು ರಾತ್ರಿ ಬಾಲ್ಕನಿಯಲ್ಲಿ ನಿಂತು ಊದುತ್ತೇನೆ.
ಕೆಳಗೆ ಎರಡನೆಯ ಮಹಡಿಯಲ್ಲಿ
ಗುವಾಲಾಗಿರ್ ಕುಲದ ಮುದುಕಿ,
ಮೊಮ್ಮಕ್ಕಳು ಕರೆದರೂ ಕೇಳಿಸದವಳು,
ಕಿಟಕಿ ತೆರೆಯುತ್ತಾಳೆ.