ಕೊನೆ ಹೇಳುವವಳು

ಅರವತ್ತೆರಡು ಮೀಟರು ಮೇಲೆ, ಅರವತ್ತೆರಡು ಮೀಟರು ಕೆಳಗೆ.
ವಾಲ್ಪರೈಸೊದ ಗುಡ್ಡದ ಮೈಗೆ
ಉಕ್ಕಿನ ಹಗ್ಗದಲ್ಲಿ ಕಟ್ಟಿದ ಮರದ ಡಬ್ಬಿಯೊಂದನ್ನು
ಇಪ್ಪತ್ತಾರು ವರ್ಷದಿಂದ ಏರಿಸಿ ಇಳಿಸುತ್ತಿದ್ದೇನೆ.
ಇದು ಸಂಬಳದ ಕೆಲಸ. ಉಳಿದದ್ದಕ್ಕೆ
ನನ್ನ ಹೆಂಡತಿ ಎದುವಿಹಿಸ್ ಇಟ್ಟ ಹೆಸರು:
‘ನನ್ನ ಮೂವರು ಸವತಿಯರು.’

ಮೊದಲನೆಯವಳು ಸಿನಿಮಾ.
ಸಂಜೆ ಪಾಳಿ ಆರಕ್ಕೆ. ಬಂದರಿನ ಹಿಂದಿನ ಟಾಕೀಸಿನಲ್ಲಿ
ನಾಲ್ಕೂಕಾಲರ ಆಟ. ಲೆಕ್ಕ ನೀವೇ ಹಾಕಿ.
ಕೊಂದವನು ಯಾರೆಂದು ತಿಳಿಯುವ ಹೊತ್ತಿಗೆ
ನಾನು ಮಂಡಿಗಳ ಸಾಲು ದಾಟುತ್ತ, ಕ್ಷಮಿಸಿ, ಕ್ಷಮಿಸಿ,
ಬಾಗಿಲ ಕಡೆ.
ಅವಳು ಕೂತೇ ಇರುತ್ತಾಳೆ.
ರಾತ್ರಿ ಹನ್ನೊಂದಕ್ಕೆ, ಬಟಾಣಿ ಸುಲಿಯುತ್ತಲೋ
ಮೊಣಕಾಲಿಗೆ ಮುಲಾಮು ತಿಕ್ಕುತ್ತಲೋ, ಕೊನೆ ಹೇಳುತ್ತಾಳೆ:
ಹಡಗು ಬಂತು. ನಾಯಿ ಸಿಕ್ಕಿತು. ಅಪ್ಪ ಕಾಗದ ಓದಿದ, ನಕ್ಕ.
ನನ್ನ ಪಾಲಿಗೆ ಜಗತ್ತಿನ ಕತೆಗಳೆಲ್ಲ
ಅರ್ಧ ಕಣ್ಣಿನವು, ಅರ್ಧ ಕಿವಿಯವು.

ಎರಡನೆಯವಳು ವಿಡಿಯೋ ಗೇಮು.
ತಂಗಿಯ ಮಗ ನಸಾರಿಯೊ ಬಿಟ್ಟುಹೋದ ಹಳೇ ಪೆಟ್ಟಿಗೆ,
ಎಡಗಡೆ ಗುಂಡಿ ಒತ್ತಿದರೆ ಅಂಟಿಕೊಳ್ಳುತ್ತದೆ.
ಅದರಲ್ಲೊಂದು ಲಾರಿ ಓಡಿಸುವ ಆಟ.
ನಗಬೇಡಿ. ಅಲ್ಲಿ ನೆಲ ಚಪ್ಪಟೆ, ಸ್ವಾಮಿ!
ಗುಡ್ಡವೆಂಬುದೇ ಇಲ್ಲ, ತಿರುಗಿದರೆ ಅದು ನನ್ನಿಷ್ಟ.
ಸರಕು ಮುಟ್ಟಿಸಬೇಕೆಂಬುದು ಆಟದ ಆಸೆ;
ನಾನು ಏಳುನೂರು ಕಿಲೋಮೀಟರು ಹೋಗಿ
ಉಪ್ಪಿನ ಬಯಲಲ್ಲಿ ಎಂಜಿನ್ ಆರಿಸಿ ಕೂರುತ್ತೇನೆ,
ಯಾರೋ ಸೇರಿಸಿಟ್ಟ ಗಾಳಿಯ ಸದ್ದು ಕೇಳುತ್ತ.
ಹಿಂದೆ ಟೊಮೇಟೊ ಕೊಳೆಯುತ್ತಿರಬೇಕು. ಕೊಳೆಯಲಿ.
ಒಮ್ಮೆ ರಾತ್ರಿ ಉಳಿದುಕೊಂಡ ಹುಡುಗ
ಸರಕು ಮುಟ್ಟಿಸಿಯೇಬಿಟ್ಟ. ಪರದೆ ತುಂಬ ಪಟಾಕಿ, ಮೂರು ನಕ್ಷತ್ರ.
‘ಗೆದ್ದೆ ನೋಡು ಮಾವ.’
ಎರಡು ದಿನ ಅವನ ಜತೆ ನೆಟ್ಟಗೆ ಮಾತಾಡಲಿಲ್ಲ.
ನನಗೆ ಐವತ್ತೆಂಟು. ಅವನಿಗೆ ಹನ್ನೊಂದು.

ಮೂರನೆಯವಳು ಕ್ಯಾಮೆರಾ, ಕೊಂಚ ದುಬಾರಿ.
ತೆಗೆಯುವುದು ಹೆಚ್ಚಾಗಿ ಕೈಗಳನ್ನು,
ಟಿಕೆಟಿನ ಕಿಂಡಿಯೊಳಗೆ ಬರುವಂಥವು:
ಮೀನಿನ ಹುರುಪೆ ಅಂಟಿದ್ದು, ಉಗುರು ಕಚ್ಚಿದ್ದು,
ಕೊಟ್ಟ ನಾಣ್ಯ ಬಿಡಲು ಮನಸ್ಸಿಲ್ಲದ
ಮುದುಕ ಎಲೆಉತೇರಿಯೊನದು.
ಮುಖ ಸುಳ್ಳು ಹೇಳುತ್ತದೆ, ಕೈ ಹೇಳುವುದಿಲ್ಲ
ಎನ್ನುತ್ತಿದ್ದೆ. ಈಗ ಅಷ್ಟು ಖಾತ್ರಿಯಿಲ್ಲ.

ಹೋದ ಜುಲೈ, ಗಾಳಿಯ ಹೊಡೆತಕ್ಕೆ ಬಂಡಿ ನಿಲ್ಲಿಸಿದ ದಿನ,
ಟೀವಿಯಲ್ಲಿ ಆ ಹಡಗಿನ ಸಿನಿಮಾ ಬಂತು.
ಅವಳು ಅಕ್ಕನ ಮನೆಗೆ ಹೋಗಿದ್ದಳು.
ಕೊನೆತನಕ ನೋಡಿದೆ.
ಹಡಗು ಬರಲಿಲ್ಲ.
ದಕ್ಕೆಯ ಮೇಲೆ ಹೆಂಗಸು ಕೊಡೆ ಮಡಚುತ್ತಾಳೆ, ಅಷ್ಟೇ,
ಹೆಸರುಗಳು ಏರತೊಡಗುತ್ತವೆ.

ಫೋಟೊ ಡಬ್ಬಿ ತೆಗೆದೆ.
ಅಡಿಯಲ್ಲಿತ್ತು, ಕೆಟ್ಟದ್ದೆಂದು ಬದಿಗಿಟ್ಟ ಒಂದು.
ಅದೇ ಸಿನಿಮಾದ ದಿನ, ಎದ್ದು ಹೊರಟವನು
ಬಾಗಿಲ ಚೌಕಟ್ಟಿಗೆ ಒರಗಿ, ತಿರುಗಿ,
ಫ್ಲ್ಯಾಶ್ ಇಲ್ಲದೆ ಅರ್ಧ ಸೆಕೆಂಡು ತೆರೆದಿಟ್ಟು ಹಿಡಿದದ್ದು:
ತಲೆಗಳ ಕಪ್ಪು ದಿಬ್ಬಗಳ ನಡುವೆ
ಪರದೆಯ ಬೆಳಕು ಬಿದ್ದ ಅವಳ ಮುಖ, ಕಲಸಿಹೋಗಿತ್ತು.
ನಡುಗಿದ್ದು ನನ್ನ ಕೈ ಎಂದೇ ತಿಳಿದಿದ್ದೆ.
ಕನ್ನಡಕ ಹಾಕಿಕೊಂಡು ನೋಡಿದೆ.
ಕುರ್ಚಿಯ ಅಂಚು ಗೆರೆ ಕೊರೆದ ಹಾಗೆ ನಿಂತಿದೆ.
ಬೋಲ್ಟಿನ ತಲೆ ಕೂಡ ಎಣಿಸಬಹುದು.
ನಡುಗಿದ್ದು ಅವಳ ಗಲ್ಲ.

ಸಂಜೆ ಬಂದಳು, ಒದ್ದೆ ಶಾಲು ಕೊಡವಿ ನೇತುಹಾಕಿದಳು.
ಏನು ಮಾಡಿದೆ ದಿನವೆಲ್ಲ?
ಲಾರಿ, ಅಂದೆ.
ಮುಟ್ಟಿತೋ?
ಇನ್ನೂ ದಾರಿಯಲ್ಲಿದೆ.

ಮುಂದಿನ ಶನಿವಾರ ಪಾಳಿ ಬದಲಾಗಿತ್ತು,
ಅವಳಿಗೆ ಹೇಳಿರಲಿಲ್ಲ. ಕೂತಿರಬಹುದಿತ್ತು.
ಐದೂವರೆಗೆ ಎದ್ದೆ. ಮಂಡಿ, ಮಂಡಿ, ಕ್ಷಮಿಸಿ.
ಹೊರಗೆ ಬಿಸಿ ಎಂಪನಾಡ ಊದಿ ಊದಿ ತಿನ್ನುತ್ತ
ರಾತ್ರಿ ಹನ್ನೊಂದಕ್ಕೆ ಇನ್ನೆಷ್ಟು ಹೊತ್ತೆಂದು
ಲೆಕ್ಕ ಹಾಕಿದೆ.