ಹೆಬ್ಬೆರಳು

ನಾಲ್ಕು ವರ್ಷದಿಂದ ದಿಬ್ಬಾದ ಈ ಶೆಡ್ಡಿನಲ್ಲಿ
ಯಾರ್ಯಾರದೋ ಸಿಲಿಂಡರಿಗೆ ಗಾಳಿ ತುಂಬುತ್ತಿದ್ದೇನೆ.
ಈ ಶುಕ್ರವಾರ ಹುಮೈದ್ ಒಂದನ್ನು ನನ್ನ ಬೆನ್ನಿಗೇ ಬಿಗಿದ:
ನೀನು ತುಂಬಿದ್ದು, ನೀನೇ ಉಸಿರಾಡು.

ಹನ್ನೊಂದು ಮೀಟರು. ಬಾಯಲ್ಲಿ ರಬ್ಬರು,
ಕಿವಿಯಲ್ಲಿ ನನ್ನದೇ ಗುಳುಗುಳು.
ಹವಳ ಕೆಂಪೆಂದವರು ಯಾರು?
ಇಲ್ಲಿ ಬರೀ ಬೂದಿ.
ಅವನು ಟಾರ್ಚು ಬಿಟ್ಟ;
ಬೆಳಕು ಬಿದ್ದಷ್ಟಗಲ ಕುಂಕುಮ ಚೆಲ್ಲಿತು.

ಗುಹೆಯ ಬಾಯಲ್ಲಿ ಹಮೂರು,
ಮಾರ್ಕೆಟ್ಟಿನಲ್ಲಿ ದರ ಕೇಳಿಯೇ ನಾನು ದಾಟಿಹೋಗುವ ಮೀನು,
ಯಜಮಾನನ ಹಾಗೆ
ಹೊಸ್ತಿಲು ಬಿಟ್ಟು ಕದಲಲಿಲ್ಲ.

ಭೇಷ್ ಎನ್ನಲು ಹೆಬ್ಬೆರಳೆತ್ತಿದೆ.
ನೀರಿನ ಭಾಷೆಯಲ್ಲಿ ಅದು
ಮೇಲೆ ಹೋಗೋಣ.
ಹುಮೈದ್ ತೋಳು ಹಿಡಿದು ಹೊರಟೇಬಿಟ್ಟ.

ಹೆದರಿದೆಯಾ? ಎಂದ ದೋಣಿಯಲ್ಲಿ.
ಮೂಗಿನಲ್ಲಿ ಉಪ್ಪು,
ನಕ್ಕೆನೋ ಕೆಮ್ಮಿದೆನೋ.

ಸಿಲಿಂಡರಿನಲ್ಲಿ ಇನ್ನೂ ಅರ್ಧ ಇತ್ತು,
ನಾನೇ ತುಂಬಿದ್ದು.